ಊಟಕ್ಕೆ ಮೊದಲಿನ ಅರ್ಧ ದಿನ

ನಂಜನಗೂಡಿನ ನಮ್ಮ ಮನೆಯ ಹಾಲ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಶುರು ಮಾಡಿದಾಗ ನನಗೆ ಮಕ್ಕಳ ಭಯವಿರಲಿಲ್ಲ, ರೇಟಿನ ಭಯವಿತ್ತು. ಅಳುವ ಮಗುವನ್ನು ಹೇಗೆ ಸುಮ್ಮನಾಗಿಸಬೇಕೆಂದು ಗೊತ್ತಿತ್ತು. ಆದರೆ ಗೇಟಿನಲ್ಲಿ ನಿಂತು 'ತಿಂಗಳಿಗೆ ಎಷ್ಟಕ್ಕಾ?' ಎಂದು ಕೇಳುವ ತಾಯಿಗೆ ಮುಖ ನೋಡಿಕೊಂಡು ಇಷ್ಟು ಎಂದು ಹೇಳುವುದಿದೆಯಲ್ಲ, ಅದಕ್ಕೆ ಬೇರೆಯದೇ ಎದೆಗಾರಿಕೆ ಬೇಕು. ಮೊದಲು ಬಂದ ಇಬ್ಬರಿಗೆ 'ನೀವೇ ನೋಡಿ ಕೊಡಿ' ಎಂದುಬಿಟ್ಟೆ. ಅವರು ನೋಡಿಯೇ ಕೊಟ್ಟರು. ಹಾಲಿನ ಖರ್ಚಿಗೂ ಸಾಲಲಿಲ್ಲ.

ಕೊನೆಗೆ ಒಂದು ಭಾನುವಾರ ಮನೆಯವರೆಲ್ಲ ಕೂತು ರೇಟು ಗೊತ್ತುಮಾಡಿದೆವು. ಫುಲ್ ಡೇ ಮೂರು ಸಾವಿರ, ಹಾಫ್ ಡೇ ಒಂದೂವರೆ ಸಾವಿರ, ಇದರಲ್ಲಿ ಯೋಚನೆ ಮಾಡೋದೇನಿದೆ ಎಂದರು ನನ್ನ ಗಂಡ. ನನಗೆ ರೇಗಿತು. ಮೊದಲೇ ಕೋಪ ಮೂಗಿನ ತುದಿಯಲ್ಲಿರುವ ಹೆಂಗಸು ನಾನು. ಮಗುವಿನ ದಿನವೇನು ಕಲ್ಲಂಗಡಿ ಹಣ್ಣೇ, ನಡುವೆ ಚಾಕು ಇಟ್ಟು ಕೊಯ್ಯಲು? ಕೆಲಸವೆಲ್ಲ ಇರುವುದು ಬೆಳಗಿನ ಅರ್ಧದಲ್ಲಿ. ಅಮ್ಮ ಬೇಕೆಂದು ರಂಪ ಮಾಡುವುದು, ಕುಡಿದ ಹಾಲು ಕಕ್ಕುವುದು, ಎರಡೆರಡು ಸಲ ಚಡ್ಡಿ ಬದಲಾಯಿಸುವುದು, ಪಕ್ಕದ ಮಗುವಿನ ಕೈ ಕಚ್ಚುವುದು, ಎಲ್ಲ ಆಗಲೇ. ಊಟವಾದ ಮೇಲೆ ಹೇಗೂ ನಿದ್ದೆ. ಹಾಗಾಗಿ ಹಾಫ್ ಡೇಗೆ ಸಾವಿರದ ಎಂಟುನೂರು ಆಗಲೇಬೇಕೆಂದು ಪಟ್ಟು ಹಿಡಿದೆ.

"ಹಂಗಾದ್ರೆ ಮಲ್ಗಿರೋ ಮಕ್ಳ ಹತ್ರ ಯಾಕ್ ಇಸ್ಕೊತೀಯಾ?" ಎಂದು ಅತ್ತೆ ನಕ್ಕರು. ನಕ್ಕು ಸುಮ್ಮನಾಗದೆ ತಾವೂ ಒಂದು ಷರತ್ತು ಹಾಕಿದರು. ಮಧ್ಯಾಹ್ನ ನಮ್ಮ ಮನೆಯಲ್ಲಿರುವ ಮಗು ನಮ್ಮ ಮನೆಯ ಊಟವನ್ನೇ ಮಾಡಬೇಕು, ಡಬ್ಬಿ ಕಟ್ಟಿಕೊಂಡು ಬರುವ ಹಾಗಿಲ್ಲ, ಊಟಕ್ಕೆಂದು ಬೇರೆ ದುಡ್ಡೂ ಕೇಳಬಾರದು. ಇದಕ್ಕೆ ಎಲ್ಲರೂ ಒಪ್ಪಿದೆವು. ಹಾಫ್ ಡೇ ಮಕ್ಕಳನ್ನು ಹನ್ನೆರಡೂಕಾಲಿಗೆ, ತಟ್ಟೆ ಹಾಕುವ ಮೊದಲೇ, ಕರೆದುಕೊಂಡು ಹೋಗಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಬಾಗಿಲ ಪಕ್ಕ ಅಂಟಿಸಿದೆ. ಬಹಳ ಬುದ್ಧಿವಂತಿಕೆಯಿಂದ ಮಾಡಿದ ಪಟ್ಟಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆ ವರ್ಷ ಒಬ್ಬ ತಾಯಿ ಎರಡೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ದೇವನೂರಿನವರು. ಟಿ. ನರಸೀಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ, ಅದೂ ಗುತ್ತಿಗೆಯದು. ಗಂಡ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಬೆಳಿಗ್ಗೆ ಊರಿಂದ ನಂಜನಗೂಡಿಗೆ ಒಂದು ಬಸ್ಸು, ಇಲ್ಲಿಂದ ನರಸೀಪುರಕ್ಕೆ ಇನ್ನೊಂದು, ಸಂಜೆ ಮತ್ತೆ ಅದೇ ದಾರಿ. ಇಂಥವರು ಫುಲ್ ಡೇ ಅಲ್ಲದೆ ಇನ್ನೇನು ಕೇಳುತ್ತಾರೆ ಎಂದುಕೊಂಡು ಫಾರಂ ಕೊಟ್ಟೆ. ಅದು ನನ್ನ ಮಗನ ಶಾಲೆಯ ಫಾರಂ ನೋಡಿ ನಕಲು ಮಾಡಿದ್ದು. ಅದರಲ್ಲಿ ಧರ್ಮ, ಜಾತಿ ಎಂಬ ಗೆರೆಯೂ ಇತ್ತು. ಯಾಕಿತ್ತು ಎಂದರೆ, ಅಲ್ಲಿತ್ತು, ಇಲ್ಲಿಗೂ ಬಂತು, ಅಷ್ಟೆ. ಆ ಗೆರೆಯ ಮೇಲೆ ಅವರು 'ಬೌದ್ಧ' ಎಂದು ದುಂಡಗೆ ಬರೆದರು. ನಾನು ಓದಿದೆ, ಒಳಗೆ ಹೋಗಿ ಕಾಫಿ ತಂದುಕೊಟ್ಟೆ. ಎರಡು ಗುಟುಕು ಕುಡಿದು ಕೆಳಗಿಟ್ಟರು. ಆಮೇಲೆ, "ಹಾಫ್ ಡೇ ಸಾಕು ಮೇಡಂ, ಮಧ್ಯಾಹ್ನ ನಮ್ಮಪ್ಪ ಬಂದು ಕರ್ಕೊಂಡೋಗ್ತಾರೆ" ಎಂದರು.

ಅವರ ತಂದೆ ದಿನವೂ ಬರುತ್ತಿದ್ದರು. ಬೆಳಗಿನ ಹೊತ್ತು ಹೊಲದ ಕೆಲಸ ಮುಗಿಸಿ, ಬಸ್ಸು ಹಿಡಿದು, ಸರಿಯಾಗಿ ಹನ್ನೆರಡೂಕಾಲಿಗೆ ನಮ್ಮ ಗೇಟಿನ ಆಚೆ ನಿಲ್ಲುತ್ತಿದ್ದರು. ಒಳಗೆ ಬನ್ನಿ, ನೆರಳಲ್ಲಿ ಕೂತುಕೊಳ್ಳಿ ಎಂದರೆ, "ಇಲ್ಲ ಕಣವ್ವ, ಬಸ್ಸು ಒಂಟೋಯ್ತದೆ" ಎನ್ನುವರು. ಬಸ್ಸಿಗಾಗಿಯೇ ಅವಸರ ಎಂದು ನಾನು ನಂಬಿದ್ದೆ. ಮಗುವಿಗೆ ಮಾತ್ರ ಹೋಗಲು ಮನಸ್ಸಿರುತ್ತಿರಲಿಲ್ಲ. ಒಳಗೆ ಅತ್ತೆ ತಟ್ಟೆ ಜೋಡಿಸುವ ಸದ್ದು ಕೇಳಿದರೆ ಸಾಕು, ತಾತನ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ, "ನಂಗೂ ಮಮ್ಮು" ಎಂದು ಕೈ ಚಾಚುತ್ತಿತ್ತು. ತಾತ ಜೇಬಿನಿಂದ ಬಿಸ್ಕತ್ತು ತೆಗೆದುಕೊಟ್ಟು ಬೇಗ ಬೇಗ ನಡೆದುಬಿಡುತ್ತಿದ್ದರು.

ಮಳೆಗಾಲ ಕಳೆಯುವ ಹೊತ್ತಿಗೆ ಆ ತಾತನ ಕಣ್ಣಿಗೆ ಆಪರೇಷನ್ ಆಗಬೇಕೆಂದಾಯಿತು. ಆಮೇಲೆ ಒಂದು ತಿಂಗಳು ಬಸ್ಸು, ಧೂಳು, ಮಗು ಎತ್ತುವುದು ಏನೂ ಕೂಡದು. ಒಂದು ಸಂಜೆ ಆ ತಾಯಿ ನಮ್ಮ ಗೇಟಿಗೆ ಬಂದು, ಮುಂದಿನ ತಿಂಗಳು ಮಗಳನ್ನು ಕಳಿಸುವುದಿಲ್ಲ, ತಾನೇ ರಜೆ ಹಾಕುತ್ತೇನೆ ಎಂದರು. ಅಷ್ಟು ರಜೆ ಕೊಡ್ತಾರಾ ಎಂದು ಕೇಳಿದೆ. "ಕೊಡಲ್ಲ. ಆ ಜಾಗಕ್ಕೆ ಬೇರೆಯೋರು ಬತ್ತಾರೆ. ಏನ್ಮಾಡೋದು" ಎಂದರು.

ಇದು ದುಡ್ಡಿನ ಕಷ್ಟವೇ ಸರಿ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಗೇಟಿನಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ಇನ್ನೂ ಮೂವರು ತಾಯಂದಿರು ನಿಂತಿದ್ದರು. ಅವರ ಎದುರಿಗೇ, ದೊಡ್ಡ ಮನಸ್ಸು ಮಾಡಿದವಳ ಹಾಗೆ, "ಅಯ್ಯೋ, ಅಷ್ಟಕ್ಕೆಲ್ಲ ಕೆಲಸ ಯಾಕೆ ಬಿಡ್ತೀರಾ? ಹಾಫ್ ಡೇ ದುಡ್ಡೇ ಕೊಡಿ, ಸಂಜೆವರೆಗೂ ಇಲ್ಲೇ ಇರಲಿ" ಎಂದೆ.

ಅವರ ಮುಖ ಕೆಂಪಾಯಿತು. "ನಾನು ಕಮ್ಮಿ ಮಾಡಿ ಅಂತ ಕೇಳಿದ್ನಾ ಮೇಡಂ?" ಎಂದರು. ಆಮೇಲೆ ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಮೂರು ಸಾವಿರ ಕೊಡೋ ಶಕ್ತಿ ನಂಗೈತೆ. ಅವತ್ತು ಫಾರಂ ತುಂಬ್ಕೊಟ್ಟ ಮೇಲೆ ನೀವು ಕಾಫಿ ಕೊಟ್ಟಿದ್ದು ಪೇಪರ್ ಲೋಟದಲ್ಲಿ. ನಿಮ್ಮನೇಲಿ ನಂಗೊಂದು ಸ್ಟೀಲ್ ಲೋಟ ಸಿಗ್ಲಿಲ್ಲ. ನನ್ ಮಗೂಗೆ ಎಂಥಾ ತಟ್ಟೆ ಸಿಕ್ತದೆ ಅಂತ ನೋಡೋಕೆ ಅದನ್ನ ಊಟಕ್ಕೆ ಬಿಡ್ಲಾ?"

ಮಗಳನ್ನು ಎತ್ತಿಕೊಂಡು ಹೊರಟುಹೋದರು.

ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಅದನ್ನೂ ಇಲ್ಲಿ ಬರೆಯಬೇಕು. ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ನಾದಿನಿಯ ಸೀಮಂತದಲ್ಲಿ ಉಳಿದಿದ್ದ ಲೋಟ ಅದು, ಕೈಗೆ ಸಿಕ್ಕಿತು ಕೊಟ್ಟೆ, ಇಷ್ಟಕ್ಕೆ ಇಷ್ಟು ಮಾತೇ ಎಂದು ಅತ್ತೆಯ ಮುಂದೆ ಕೂಗಾಡಿದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ, "ಅದರ ಹಿಂದಿನ ದಿನ ಬ್ಯಾಂಕಿನ ಮೇಡಮ್ಮು ಬಂದಿದ್ರಲ್ಲ, ಅವ್ರಿಗೆ ಯಾವುದ್ರಲ್ಲಿ ಕೊಟ್ಟೆ?" ಎಂದು ಕೇಳಿದರು. ಸ್ಟೀಲ್ ಲೋಟದಲ್ಲಿ ಕೊಟ್ಟಿದ್ದೆ. ಸೀಮಂತದ ಲೋಟಗಳು ಆವತ್ತೂ ಅದೇ ಕಪಾಟಿನಲ್ಲಿದ್ದವು.

ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮಠದಲ್ಲಿ ಎಲ್ಲರೂ ಒಂದೇ ಎನ್ನುವ ಮಾತು ಕೇಳಿ ಬೆಳೆದವರು. ಯಾರಾದರೂ ಕೇಳಿದ್ದರೆ, ನಾನು ಜಾತಿ ಮಾಡುವವಳಲ್ಲ ಎಂದು ಆಣೆ ಮಾಡುತ್ತಿದ್ದೆ. ಆದರೆ ನಮ್ಮ ಕಡೆ ಆ ಗೆರೆಯ ಮೇಲೆ 'ಬೌದ್ಧ' ಎಂದು ಬರೆಯುವವರು ಯಾವ ಕೇರಿಯವರೆಂದು ನನಗೆ ಗೊತ್ತಿತ್ತು. ನಾನು ಮಾಡಿರಲಿಲ್ಲ, ನನ್ನ ಕೈ ಮಾಡಿತ್ತು. ನನ್ನನ್ನು ಒಂದು ಮಾತೂ ಕೇಳದೆ ಕಪಾಟಿನ ಆ ಮೂಲೆಗೆ ಹೋಗಿತ್ತು.

ಶನಿವಾರ ಮಕ್ಕಳನ್ನು ಅತ್ತೆಗೆ ಒಪ್ಪಿಸಿ ನರಸೀಪುರದ ಬಸ್ಸು ಹತ್ತಿದೆ. ಅದು ನನ್ನ ತವರು. ಬಸ್‌ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು ನಾಲ್ಕು ಜನ ಗುರುತಿನವರು ಸಿಗುತ್ತಾರೆ. ಅವರನ್ನೆಲ್ಲ ತಪ್ಪಿಸಿಕೊಂಡು, ಕಳ್ಳಿಯ ಹಾಗೆ ಲ್ಯಾಬಿನ ಕಿಟಕಿಯ ಹತ್ತಿರ ನಿಂತೆ. ಅವರು ಕೈಗವಸು ತೆಗೆದು ಹೊರಗೆ ಬಂದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಗಿ, "ತಪ್ಪಾಯ್ತು. ಲೋಟ ಉಳಿದಿತ್ತು ಅಂತ ಕೊಟ್ಟಿದ್ದಲ್ಲ, ಫಾರಂ ನೋಡಿದ ಮೇಲೇ ಕೊಟ್ಟಿದ್ದು" ಎಂದಷ್ಟೇ ಹೇಳಿದೆ.

'ಪರವಾಗಿಲ್ಲ ಬಿಡಿ' ಎಂದು ಅವರು ಹೇಳಲಿಲ್ಲ. ಇವತ್ತಿಗೂ ನಾನು ಅವರಿಗೆ ಕೃತಜ್ಞಳಾಗಿರುವುದು ಅದಕ್ಕೇ. ಹಾಗೆ ಹೇಳಿದ್ದರೆ ನಾನು ಹಗುರವಾಗಿ ಮನೆಗೆ ಬಂದು ಎರಡು ದಿನದಲ್ಲಿ ಮರೆತುಬಿಡುತ್ತಿದ್ದೆ. ಅವರು, "ಬುಧವಾರ ನಂಗೆ ರಜ. ಮಧ್ಯಾಹ್ನ ಬತ್ತೀನಿ. ಮೊದ್ಲು ನಾನ್ ಉಂಡು ನೋಡ್ತೀನಿ. ಆಮೇಲೆ ನನ್ ಮಗಳು" ಎಂದರು. ಅಷ್ಟು ಹೇಳಿ ಒಳಗೆ ಹೋದರು.

ಬುಧವಾರ ಪಾಯಸ ಮಾಡೋಣವೆಂದರು ಅತ್ತೆ. ಬೇಡ, ದಿನಾ ಮಕ್ಕಳಿಗೆ ಮಾಡುವುದನ್ನೇ ಮಾಡಿ ಎಂದೆ. "ಮೊದಲ್ನೇ ಸಲ ಊಟಕ್ಕೆ ಬರೋರಿಗೆ ಬರೀ ಸೊಪ್ಪಿನ ಸಾರಾ?" ಎಂದು ಗೊಣಗಿದರೂ ಕೇಳಿದರು. ಹನ್ನೆರಡೂವರೆಗೆ ಅವರು ಮಗಳನ್ನು ಕರೆದುಕೊಂಡು ಬಂದರು. ಕುರ್ಚಿ ಹಾಕಿದರೆ ಬೇಡವೆಂದು ಮಕ್ಕಳ ಸಾಲಿನಲ್ಲೇ, ಮಗಳ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಏಳು ಮಕ್ಕಳು, ಅವರೊಬ್ಬರು. ಎಂಟೂ ಒಂದೇ ಥರದ ತಟ್ಟೆ. ಅನ್ನ, ಸಾರು, ಮೊಸರು. ಮೊದಲ ತುತ್ತು ತಾವು ಉಂಡ ಮೇಲೆಯೇ ಮಗಳ ತಟ್ಟೆಯನ್ನು ಅದರ ಮುಂದೆ ಸರಿಸಿದರು. ನಿಧಾನವಾಗಿ ಉಂಡರು. ಉಣ್ಣುತ್ತಲೇ ಎಲ್ಲವನ್ನೂ ನೋಡುತ್ತಿದ್ದರು: ನಾನು ಮಗುವಿಗೆ ಎಷ್ಟು ಹತ್ತಿರ ಬಗ್ಗಿ ಬಡಿಸುತ್ತೇನೆ, ನೀರು ಹೇಗೆ ಕೊಡುತ್ತೇನೆ, ಬಾಯಿ ಒರೆಸುವ ಬಟ್ಟೆ ಎಲ್ಲರಿಗೂ ಒಂದೇಯೋ ಬೇರೆಯೋ. ನನ್ನ ಬಿ.ಎಡ್. ಪರೀಕ್ಷೆಯಲ್ಲೂ ನಾನು ಅಷ್ಟು ಬೆವೆತಿರಲಿಲ್ಲ. ಮಗಳು ಮಾತ್ರ ಇದಾವುದರ ಪರಿವೆಯಿಲ್ಲದೆ ಇನ್ನೂ ಬೇಕೆಂದು ಹಾಕಿಸಿಕೊಂಡು ಗಲ್ಲದವರೆಗೂ ಮೊಸರು ಮಾಡಿಕೊಂಡಿತ್ತು.

ಊಟವಾದ ಮೇಲೆ ಅವರು ತಟ್ಟೆ ಹಿಡಿದುಕೊಂಡು ಹಿತ್ತಲ ನಲ್ಲಿಯ ಹತ್ತಿರ ಹೋದರು. ನಲ್ಲಿ ತಿರುಗಿಸದೆ ಸುಮ್ಮನೆ ನಿಂತರು. ಅವರು ಯಾಕೆ ನಿಂತರೆಂದು ನನಗೆ ತಿಳಿಯಿತು. ಮದುವೆಯಾದ ಹೊಸದರಲ್ಲಿ, ನಮ್ಮ ಹೊಲದ ಮನೆಯಲ್ಲಿ, ಕಳೆ ಕೀಳಲು ಬಂದ ಹೆಂಗಸರು ಉಂಡ ತಟ್ಟೆಯನ್ನು ತಾವೇ ತೊಳೆದು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟುಹೋಗುವುದನ್ನು ನಾನು ನೋಡಿದ್ದೆ. ಯಾಕೆಂದು ಯಾರನ್ನೂ ಕೇಳಿರಲಿಲ್ಲ. ನಮ್ಮ ಮನೆಗೆ ಬಂದ ನೆಂಟರು ತಟ್ಟೆ ತೊಳೆಯಲು ಹೋದರೆ ಕಿತ್ತುಕೊಂಡು ಬೈಯುವವಳು ನಾನು. ಈಗ ಕೈ ಚಾಚಿ ಅವರ ಎಂಜಲು ತಟ್ಟೆಯನ್ನು ಇಸಿದುಕೊಂಡೆ. ಆದರೆ ಚಾಚುವ ಮೊದಲು ನನ್ನ ಕೈ ಒಂದು ಗಳಿಗೆ ತಡೆಯಿತು. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ಅಷ್ಟೇ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಕೈಯನ್ನೇ ನೋಡುತ್ತಿದ್ದರು.

ನಾನು ತಟ್ಟೆ ತೊಳೆದು ಮಕ್ಕಳ ತಟ್ಟೆಗಳ ಜೊತೆ ಸ್ಟ್ಯಾಂಡಿಗೆ ಹಾಕುವವರೆಗೂ ಅವರು ಅಲ್ಲೇ ಇದ್ದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಫುಲ್ ಡೇ ಎಷ್ಟು?" ಎಂದು ಕೇಳಿದರು. ಗೋಡೆಯ ಮೇಲಿನ ಹಾಳೆಯಲ್ಲಿ ಬರೆದದ್ದು ಅವರಿಗೆ ಗೊತ್ತೇ ಇತ್ತು. ನೂರು ರೂಪಾಯಿ ಕಡಿಮೆ ಹೇಳಿದ್ದರೂ ಅವರು ಮಗಳನ್ನು ಎತ್ತಿಕೊಂಡು ಹೊರಟುಬಿಡುತ್ತಿದ್ದರೆಂದು ನನಗೂ ಗೊತ್ತಿತ್ತು. "ಮೂರು ಸಾವಿರ" ಎಂದೆ. ತಲೆಯಾಡಿಸಿದರು.

ಅವರ ತಂದೆಗೆ ಆಪರೇಷನ್ ಆಯಿತು. ನರಸೀಪುರದ ಕೆಲಸ ಉಳಿಯಿತು. ನನ್ನ ಫಾರಂನಿಂದ ಆ ಗೆರೆ ಹೋಯಿತು. ಆ ಮಗು ಶಾಲೆಗೆ ಸೇರುವವರೆಗೂ ನಮ್ಮಲ್ಲೇ ಇತ್ತು. ಅತ್ತೆಯ ಮಡಿಲಲ್ಲೇ ಮಧ್ಯಾಹ್ನದ ನಿದ್ದೆ. ಆದರೆ ನಾನು ಪ್ರತಿಸಲ ನೆನೆಯುವುದು ಆ ಬುಧವಾರದ ಮಾರನೆಯ ಬೆಳಗನ್ನು. ಎಂಟೂವರೆಗೆ ಬಸ್ಸಿಳಿದು ಬಂದ ಆ ತಾಯಿ ಮಗಳನ್ನು ನನ್ನ ಕೈಗೆ ಕೊಟ್ಟು, ಅದರ ಕೆನ್ನೆ ಸವರಿ, "ಊಟ ಮಾಡು, ಮಲಕ್ಕೊ. ನಾನು ಸಂಜೆ ಬತ್ತೀನಿ" ಎಂದರು. ಬೇರೆ ತಾಯಂದಿರು ದಿನವೂ ಹೇಳುವ ಮಾತೇ ಅದು. ಇವರು ಅದನ್ನು ಹೇಳಿದ್ದು ನನ್ನ ಕೈ ತಡೆದದ್ದನ್ನು ಕಣ್ಣಾರೆ ಕಂಡ ಮೇಲೆ.