ಡ್ರೈವರಣ್ಣ ಹೇಳಿದ ಮೂರನೇ ದೀಪ

ರೇಷನ್ನಿನಲ್ಲಿ ಸೀಮೆಎಣ್ಣೆ ನಿಂತ ಮೇಲೆ ನಮ್ಮ ಮನೆಯಲ್ಲಿ ಆ ವಾಸನೆಯೇ ಇರಲಿಲ್ಲ. ಹೋದ ತಿಂಗಳು ಹಾಸನದಿಂದ ಬಂದ ಒಬ್ಬ ಮನುಷ್ಯ ನಮ್ಮ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬಾಟಲಿಯಿಂದ ಸೀಮೆಎಣ್ಣೆ ಸುರಿದು, ನಮ್ಮ ಕೊಟ್ಟಿಗೆಯಿಂದ ಕಿತ್ತ ಕಬ್ಬಿಣದ ಪಟ್ಟಿಯೊಂದನ್ನು ಉಜ್ಜತೊಡಗಿದ. ವಾಸನೆ ಮೂಗಿಗೆ ಹೊಡೆದದ್ದೇ ತಡ, ಪಕ್ಕದ ಮನೆಯಲ್ಲಿದ್ದ, ಈಗಿಲ್ಲದ ಡ್ರೈವರಣ್ಣ ಬಂದು ಜಗಲಿಯ ಮೇಲೆ ಕೂತ ಹಾಗಾಯಿತು. ಸ್ನಾನ ಮಾಡಿ ಬಂದರೂ ಆತನಿಂದ ಇದೇ ವಾಸನೆ ಬರುತ್ತಿತ್ತು...

ಬಂದವನು ಹಳೇ ಕಾರುಗಳನ್ನು ಜೋಡಿಸುವವನು. ಗುಜರಿಯಲ್ಲಿ ಒಂದು ಕಾರಿನ ಮೈ ಸಿಕ್ಕಿತಂತೆ, ನಮ್ಮ ಎಸ್ಟೇಟಿನದು; ಅದರ ಬಿಡಿಭಾಗ ಹುಡುಕುತ್ತ ಬಂದಿದ್ದ. ಜೊತೆಗೆ ಬಂಗಲೆಯ ಬೀರುವಿನಲ್ಲಿದ್ದ ಒಂದು ಫೋಟೊ. ಆಯುಧಪೂಜೆಯ ದಿನದ್ದು. ಬಾಳೆಕಂದು ಕಟ್ಟಿದ ಕಾರು, ಮೂತಿಯ ತುಂಬ ಚೆಂಡುಹೂವು, ಪಕ್ಕದಲ್ಲಿ ಖಾಕಿ ತೊಟ್ಟು ಸೆಟೆದು ನಿಂತ ಡ್ರೈವರಣ್ಣ. ಅವನ ಒಂದು ಕೈ ಆ ಹೂವಿನ ರಾಶಿಯ ಮೇಲೆ. ಬಂದವನು ಕಾರಿನ ಕಂಪನಿ ಹೆಸರು ಹೇಳಿದ. ನನ್ನ ನಾಲಿಗೆಗೆ ಅದು ಹೊರಳಲಿಲ್ಲ.

"ಅಜ್ಜಿ, ಈ ಕಾರಲ್ಲಿ ಎರಡು ಥರ ಇದ್ವು. ಒಂದಕ್ಕೆ ಮುಂದೆ ಎರಡೇ ದೀಪ. ಇನ್ನೊಂದಕ್ಕೆ ನಡುವೆ ಮಂಜಿಗೆ ಅಂತ ಮೂರನೇದು. ಅದು ಬಲು ಅಪರೂಪ. ಹೂವು ಮುಚ್ಕೊಂಡಿರೋದ್ರಿಂದ ಇದು ಯಾವುದು ಅಂತ ಗೊತ್ತಾಗ್ತಿಲ್ಲ."

"ಮೂರು," ಎಂದೆ.

"ನೀವು ನೋಡಿದ್ರಾ?"

"ನೋಡಿಲ್ಲ. ಓಡಿಸ್ದೋನು ಹೇಳಿದ್ದ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅದೇ ಮಾತಿಗೆ ಅವನ ಮುಖದೆದುರೇ ನಕ್ಕವಳು ನಾನು.

ನಾನು ಮದುವೆಯಾಗಿ, ಎಸ್ಟೇಟಿನವರು ಆಳುಗಳಿಗೆ ಕೊಟ್ಟ ಈ ಲೈನ್ ಮನೆಗೆ ಬಂದ ವರ್ಷ ಎಸ್ಟೇಟು ಕೈ ಬದಲಾಯಿತು. ನಮ್ಮ ಮಾವನವರು ಸ್ಟೋರಿನ ಕಾವಲುಗಾರ. ಹಳೇ ಕಾರನ್ನು ನಾನು ಬರುವ ಮೊದಲೇ ಆ ಸ್ಟೋರಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ಹೊಸ ರೈಟರ್ ಸಾಮಾನಿನ ಪಟ್ಟಿ ಮಾಡಿಕೊಳ್ಳಲು ಬಂದ. ಎರಡು ದೀಪ ಎಂದು ಬರೆದುಕೊಂಡ. ಡ್ರೈವರಣ್ಣ ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಸುಮ್ಮನಿರಲಿಲ್ಲ. "ಮೂರ್ ಇತ್ತು ಸಾರ್, ಒಂದು ಹೋಗೈತೆ, ಹುಡುಕ್ಸಿ," ಎಂದ. ಕಾರಿನ ಜವಾಬ್ದಾರಿ ಅವನದೇ. ಮೂರಿದ್ದದ್ದು ನಿಜವಾದರೆ ಕದ್ದವನು ಅವನೇ ಎಂದಾಗುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಬಾಯಿಗೆ ಬೇರೆ ಮಾತು ಬರಲಿಲ್ಲವೋ. ದೀಪ ಸಿಗುವವರೆಗೆ ಯಾವ ಗಾಡಿಯ ಸ್ಟೀರಿಂಗನ್ನೂ ಮುಟ್ಟಕೂಡದು ಎಂದು ರೈಟರ್ ಅವನನ್ನು ಕಣಕ್ಕೆ ಹಾಕಿದ, ನಮ್ಮ ಹೆಂಗಸರ ಜೊತೆ ಕಾಫಿ ಹಣ್ಣು ಹರಡುವುದಕ್ಕೆ.

ಬಿಸಿಲೆ ಘಾಟಿಯನ್ನು ಮಂಜಿನಲ್ಲಿ ಇಳಿಸಿದವನ ಕೈಗೆ ಹಣ್ಣು ಎಳೆದು ಹರಡುವ ಮರದ ಗೋರುಮಣೆ ಬಂತು. ಹುಣ್ಣಾಯಿತು. ಆದರೂ ಹೋದಲ್ಲಿ ಬಂದಲ್ಲಿ ಅದೇ ಮಾತು, ದೀಪ ಕಂಡ್ರೇನ್ರಪ್ಪಾ, ದೀಪ ಕಂಡ್ರೇನ್ರಪ್ಪಾ... ಒಂದು ದಿನ ನಾನೇ ಕೇಳಿದ್ದೆ, "ಡ್ರೈವರಣ್ಣ, ಈ ಗೋರುಮಣೆಗೆ ಎಷ್ಟು ದೀಪ?"

ಕಣವೆಲ್ಲ ನಕ್ಕಿತು. ಅವನೂ ನಕ್ಕ. "ನಿನ್ ಬಾಯಿಗೆ ಒಂದು ಬ್ರೇಕ್ ಐತಾ ನೋಡ್ಕೊ ಕಣವ್ವ, ಮೊದ್ಲು," ಎಂದ.

ಆ ಕಾರ್ತಿಕದ ಒಂದು ಸೋಮವಾರ ಮುಸ್ಸಂಜೆ ಮಾವನವರು ಅಕ್ಕಪಕ್ಕದವರನ್ನು ದೀಪಕ್ಕೆ ಕರೆದಿದ್ದರು. ಡ್ರೈವರಣ್ಣನೂ ಬಂದ. ಯಾವತ್ತೂ ಜಗಲಿ ದಾಟದವನು ಅವತ್ತು ದೇವರ ಗೂಡಿನ ತನಕ ಬಂದು ನಿಂತ. ತುಂಬ ಹೊತ್ತು ನಿಂತ. ನಾನು ದೇವರಿಗೆ ನಿಂತಿದ್ದಾನೆ ಅಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ, "ಬೆಳಕು ಚೆನ್ನಾಗಿ ಎಸೀತೈತೆ ಕಣವ್ವ. ಬೂದೀಲಿ ತಿಕ್ಬ್ಯಾಡ, ಗೀರ್ ಬೀಳ್ತದೆ. ಇಬೂತೀಲಿ ಒರ್ಸು," ಎಂದ. ಮಾವನವರು ತಲೆ ಎತ್ತದೆ ಕಡಲೆ ಹಂಚುತ್ತಿದ್ದರು.

ಮಾರನೇ ದಿನ ಅವನು ರೈಟರ್ ಹತ್ತಿರ ಹೋಗಿ, "ನಂಗೇ ಮರ್ತೋಗ್ಬುಟ್ಟಿತ್ತು ಸಾರ್, ಎರಡೇ ಇದ್ದಿದ್ದು," ಎಂದು ಹೇಳಿಬಂದ. ಸುಳ್ಳು ಹೇಳುವವನ ಕೈಗೆ ಗಾಡಿ ಹೇಗೆ ಕೊಡಲಿ ಎಂದನಂತೆ ರೈಟರ್. ಕಳ್ಳ ಅನ್ನುವುದು ತಪ್ಪಿತು, ಬುರುಡೆ ಡ್ರೈವರ್ ಅನ್ನುವುದು ಅಂಟಿತು. ಸಾಯುವ ತನಕ ಅವನು ಮತ್ತೆ ಯಾವ ಗಾಡಿಯನ್ನೂ ಓಡಿಸಲಿಲ್ಲ.

ಹೊಸಬರಿಗೆ ಆ ಕಾರು ಬೇಡವಾಗಿತ್ತು. ಹೊರಗೆ ತಳ್ಳಿದರು. ಊರವರು ಒಂದೊಂದೇ ಬಿಚ್ಚಿದರು. ನಮ್ಮ ಮನೆಯವರು ಕಾರಿನ ಮುಂಭಾಗದ ಕಬ್ಬಿಣದ ಪಟ್ಟಿ ತಂದು ಕರು ಕಟ್ಟಲು ಕೊಟ್ಟಿಗೆಗೆ ಬಡಿದರು. ಚಕ್ರದ ಮೇಲಿನ ಸ್ಪ್ರಿಂಗ್ ಪ್ಲೇಟುಗಳನ್ನು ಮಗ್ಗೆ ಊರಿನ ಕುಲುಮೆಗೆ ಹಾಕಿ ಕತ್ತಿ ಮಾಡಿಸಿಕೊಂಡವರು ಎಷ್ಟೋ ಮಂದಿ. ನನ್ನ ಕತ್ತಿಯೂ ಅದೇ. ಡ್ರೈವರಣ್ಣ ಅದನ್ನು ಉಗುರಿನಲ್ಲಿ ಟಣ್ ಎನಿಸಿ ಕಿವಿಗೆ ಹಿಡಿದು, "ಹಿಂದಿನ ಎಡಗಡೇದು. ಘಾಟಿ ಹತ್ತೋವಾಗ ಇದೇ ಕೀರ್ತಿತ್ತು," ಅಂದಿದ್ದ. ಬೆಂಕಿಗೆ ಹೋಗಿ, ಬಡಿಸಿಕೊಂಡು, ಕತ್ತಿಯಾಗಿ ಬಂದದ್ದನ್ನು! ಅದಕ್ಕೂ ಬುರುಡೆ ಎಂದು ನಕ್ಕಿದ್ದೆವು.

ಇಷ್ಟು ಯೋಚಿಸುವುದರೊಳಗೆ ಹಾಸನದವನು ಪಟ್ಟಿಯ ತುಕ್ಕು ತೆಗೆದಿದ್ದ. ಎರಡು ತುದಿಗೆ ದೀಪ ಕೂರಿಸುವ ಎರಡು ತೂತು, ನಟ್ಟನಡುವೆ ಒಂದು. ನಡುವಿನದು ನನಗೆ ಚೆನ್ನಾಗಿ ಗೊತ್ತು. ಎಷ್ಟು ಕರುಗಳ ಹಗ್ಗ ಪೋಣಿಸಿದ್ದೇನೋ ಅದರಲ್ಲಿ. ಒಂದು ದಿನವಾದರೂ ಈ ತೂತು ಯಾಕಿದೆ ಎಂದು ಕೇಳಿಕೊಳ್ಳಲಿಲ್ಲ.

"ಅಜ್ಜಿ, ನೀವು ಹೇಳಿದ್ದೇ ಸರಿ, ಮೂರು! ಆ ದೀಪದ್ದು ಏನಾದ್ರೂ ಉಳಿದಿದ್ರೆ... ಒಳಗೆ ಒಂದು ಬೆಳ್ಳಿ ನೀರು ಕುಡಿಸಿದ ಬಟ್ಟಲಿರುತ್ತೆ. ಅಂಗೈ ಅಗಲ, ಸೌಟಿನ ಥರ ಗುಳಿ. ಬಲ್ಬಿಗೆ ಅಂತ ನಡುವೆ ತೂತು."



ಎದ್ದು ಒಳಗೆ ಹೋದೆ. ದೇವರ ಗೂಡಿನಲ್ಲಿ ದೀಪದ ಹಿಂದೆ ಆನಿಸಿಟ್ಟ ಬಟ್ಟಲು. ಸಕಲೇಶಪುರದ ಸಂತೆಯಲ್ಲಿ ಕೊಂಡದ್ದು ಎಂದು ಮಾವನವರು ಹೇಳಿದ್ದರು. ನಡುವೆ ತೂತಿತ್ತು. ಅದರಲ್ಲಿ ನಾನು ದಿನವೂ ಒಂದು ದಾಸವಾಳ ಸಿಕ್ಕಿಸುತ್ತಿದ್ದೆ, ಮದುವೆಯಾಗಿ ಬಂದಾಗಿನಿಂದ.

ತಂದು ಅವನ ಕೈಗಿಟ್ಟೆ. ಅವನು ಅದನ್ನು ಬಿಸಿಲಿಗೆ ಹಿಡಿದ. ಕೊಟ್ಟಿಗೆಯ ಕತ್ತಲಲ್ಲಿ ಒಂದು ದುಂಡನೆ ಬೆಳಕು ಬಿತ್ತು. ಆಮೇಲೆ, "ಇಷ್ಟು ವರ್ಷಕ್ಕೆ ಒಂದು ಗೀರೂ ಇಲ್ವಲ್ಲಜ್ಜಿ! ಯಾರು ಹೇಳ್ಕೊಟ್ರು ಹೀಗೆ ಇಟ್ಕೊಳ್ಳೋದು?" ಎಂದ.

ಯಾರು ಎಂದು ಹೇಳಲಿ... ಅವತ್ತು ಆ ಮನುಷ್ಯ ಬೆರಳು ತೋರಿಸಿದ್ದರೆ ಸ್ಟೀರಿಂಗ್ ಅವನ ಕೈಗೆ ವಾಪಸು ಬರುತ್ತಿತ್ತು. ಮಾವನವರ ಕೆಲಸ ಹೋಗುತ್ತಿತ್ತು, ಲೈನ್ ಮನೆ ಹೋಗುತ್ತಿತ್ತು. ನಾನು ಆಗ ಏಳು ತಿಂಗಳ ಬಸುರಿ. ಅವನಿಗೆ ಎಲ್ಲ ಕಂಡಿತ್ತು. ಕಂಡೂ ಆ ಬಟ್ಟಲನ್ನು ಹೇಗೆ ಒರೆಸಬೇಕು ಎಂಬುದನ್ನಷ್ಟೇ ಹೇಳಿ ಹೋದ. ನಾನು ಇಷ್ಟು ಬದುಕಿದ್ದೇನೆ, ಅಂಥ ಇನ್ನೊಂದು ಆಳನ್ನು ನೋಡಿಲ್ಲ.

ಸಂಜೆ ಟೀ ಅಂಗಡಿಗೆ ಹೋಗಿ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಮೂರಿತ್ತು, ಮೂರನೆಯದನ್ನು ಕದ್ದದ್ದು ನಮ್ಮ ಮನೆ. ಮಗ ಸಿಟ್ಟಾದ.

"ಸತ್ತೋದ ತಾತನ ಮಾನ ಯಾಕವ್ವ ಈಗ ತೆಗೀತೀಯ?"

"ಬದುಕಿದ್ದೋನ ಮಾನ ತೆಗೆದಾಗ ಯಾರಾದ್ರೂ ಕೇಳಿದ್ರೇನೋ?" ಎಂದೆ.

ಅಂಗಡಿಯಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಡ್ರೈವರಣ್ಣ ಯಾರೆಂದೇ ಗೊತ್ತಿಲ್ಲ. ಅವತ್ತು ನಕ್ಕವರಲ್ಲಿ ಉಳಿದವಳು ನಾನೊಬ್ಬಳೇ. ಹೇಳಿಸಿಕೊಳ್ಳಬೇಕಾದವನಂತೂ ಇಲ್ಲ. ತಡವಾಯಿತು, ಅಷ್ಟೇ.

ಬಟ್ಟಲನ್ನೂ ಪಟ್ಟಿಯನ್ನೂ ಹಾಸನದವನಿಗೆ ಕೊಟ್ಟುಬಿಟ್ಟೆ. ಗೂಡಿನಲ್ಲಿ ದೀಪ ಈಗ ಮಂಕು, ಹಿಂದಿನ ಮಸಿಗೋಡೆಯೇ ಕಾಣುತ್ತದೆ. ಇವತ್ತು ಬೆಳಗ್ಗೆಯೂ ಅಭ್ಯಾಸಬಲದಿಂದ ದಾಸವಾಳ ಕಿತ್ತು ತಂದೆ. ಸಿಕ್ಕಿಸಲು ತೂತಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ...