ನಾನು ವಿರೋಧಿಸದೆ ಬಿಟ್ಟ ಕಾರು

ಆ ಕಾರಿನ ಗೇರುಪೆಟ್ಟಿಗೆ ಕೆಟ್ಟಿದೆ ಎನ್ನುವುದು ನನಗೆ ಗೊತ್ತಿತ್ತು, ಮಹಾನಂದಾ. ನೀನು ಅದನ್ನು ಕೊಳ್ಳುವುದಕ್ಕೆ ಐದು ದಿನ ಮೊದಲೇ ಗೊತ್ತಿತ್ತು. ಗುಮಾನಿಯಲ್ಲ, ಊಹೆಯಲ್ಲ — ಕಣ್ಣಾರೆ ನೋಡಿ, ಮೂಗಿನಿಂದ ಮೂಸಿ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಆಮೇಲೆ ಕಮಲಾಪುರದ ಏರಿನ ಮೇಲೆ ನೀನು ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದೆಯಲ್ಲ — ಅದಕ್ಕೆ ಕೊಟ್ಟ ಉತ್ತರವೂ ಸುಳ್ಳು.

ಏಳು ವರ್ಷವಾಯಿತು. ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತೇನೆ, ಬೇಸರಪಡಬೇಡ. ಇದನ್ನು ನಿನ್ನ ತಾಯಿ ಓದಬೇಕು, ಅಣ್ಣ ಓದಬೇಕು. ನಮ್ಮಿಬ್ಬರ ಗುರುತೇ ಇಲ್ಲದ ಯಾರಾದರೂ ಓದಿದರೂ ಅವರಿಗೆ ತೀರ್ಪು ಕೊಡಲು ಬರುವಂತಿರಬೇಕು.

ಕಾಲೇಜಿನಲ್ಲಿ ನಾವಿಬ್ಬರೂ ಚರ್ಚಾ ಸ್ಪರ್ಧೆಯ ಜೋಡಿ. ಒಬ್ಬರು ಪರ, ಒಬ್ಬರು ವಿರೋಧ — ನಿಯಮವೇ ಹಾಗೆ. ನೀನು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ದೇವರು, ಜ್ಯೋತಿಷ್ಯ, ಹಿರಿಯರ ಮಾತು, ಕಿರಿಯರ ಮಾತು, ಎಲ್ಲದಕ್ಕೂ ನಾನು ವಿರೋಧ. ಆ ಚಟ ನಮ್ಮ ಬದುಕಿಗೂ ಅಂಟಿತು. ಏನಾದರೂ ನಿರ್ಧಾರ ಮಾಡಬೇಕಾದರೆ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ಐದೈದು ನಿಮಿಷ ಮಾತಾಡುವುದು. ಬೇಕೆನ್ನುವವರು ಪರ ಮಾತಾಡಬೇಕು. ಇನ್ನೊಬ್ಬರು ತಮ್ಮ ಇಷ್ಟ ಏನೇ ಇರಲಿ, ಗೊತ್ತಿರುವ ದೋಷವನ್ನೆಲ್ಲ ಹೊರಗೆ ಹಾಕಬೇಕು. ಒಂದನ್ನೂ ಮುಚ್ಚಿಡುವಂತಿಲ್ಲ. ನೀನು ಎಂ.ಎ.ಗೆ ಯಾವ ವಿಷಯ ತೆಗೆದುಕೊಳ್ಳಬೇಕು ಎಂಬುದನ್ನು ನಾವು ತೀರ್ಮಾನಿಸಿದ್ದು ಹೀಗೆಯೇ. ನಿನ್ನನ್ನು ನೋಡಲು ಬಂದ ಬೀದರಿನ ಗಂಡನ್ನು ಬೇಡವೆಂದದ್ದೂ ಹೀಗೆಯೇ. ನಿಮ್ಮಣ್ಣ ಶರಣಪ್ಪ ಮೊದಮೊದಲು ನಗುತ್ತಿದ್ದವರು ಆಮೇಲೆ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ತಾವೇ ನ್ಯಾಯಾಧೀಶರಾಗಿ ಕೂಡತೊಡಗಿದರು.

ಇನ್ನು ಕಾರು ಯಾಕೆ ಬೇಕಾಯಿತು ಎನ್ನುವುದು. ಎರಡು ವರ್ಷದವಳಿದ್ದಾಗ ಪೋಲಿಯೊ ನಿನ್ನ ಎಡಗಾಲನ್ನು ಹಿಡಿಯಿತು. ಕಲಬುರಗಿಯ ಕಾಲೇಜಿನಲ್ಲಿ ಉಪನ್ಯಾಸಕಿಯಾದ ಮೇಲೆ ದಿನಾ ಕಮಲಾಪುರದಿಂದ ಬಸ್ಸು. ಮೆಟ್ಟಿಲು ಎತ್ತರ, ನೀನು ಹತ್ತುವುದರೊಳಗೆ ಕಂಡಕ್ಟರ್ ಸೀಟಿ ಹೊಡೆಯುತ್ತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಮೊಪೆಡ್ ಹಿಡಿದು ನಿಂತಿರಬೇಕು. ನಿನ್ನನ್ನು ಕಾಲೇಜಿಗೆ ಬಿಟ್ಟು ನಾನು ಕೋರ್ಟಿಗೆ ಹೋಗಬೇಕು. ಸಂಜೆ ಐದಕ್ಕೆ ಮತ್ತೆ ಅದೇ. ಎರಡು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ ಎಂದು ನಿನ್ನ ತಾಯಿ ಎಲ್ಲರೆದುರು ನನ್ನನ್ನು ಹೊಗಳುತ್ತಿದ್ದರು.

ಅವರು ಹೊಗಳಿದಷ್ಟೂ ನನಗೆ — ಹೇಗೆ ಹೇಳಲಿ — ಉಸಿರು ಕಟ್ಟುತ್ತಿತ್ತು. ನಾನು ಯಾರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆನೋ ಆ ಹಿರಿಯ ವಕೀಲರು ಒಂದು ದಿನ ಎಲ್ಲ ಕಕ್ಷಿದಾರರೆದುರು, "ಕೋರ್ಟು ನಿನ್ನ ಗೆಳತಿ ಬಸ್ಸಿನ ಹಾದಿ ಕಾಯಂಗಿಲ್ಲವ್ವಾ," ಎಂದರು. ನಿನಗೆ ಹೇಳಲಿಲ್ಲ. ಒಮ್ಮೆ ನಿನಗೆ ಜ್ವರ ಬಂದು ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನ ನಾನು ಎಷ್ಟು ಹಗುರಾಗಿದ್ದೆ ಎಂದರೆ — ಬಿಡು. ಐದನೆಯ ದಿನ ಬಸ್ಸಿನ ಬಾಗಿಲಲ್ಲಿ ನಿನ್ನ ಮುಖ ಕಂಡಾಗ ಮೊದಲು ಮೂಡಿದ ಭಾವ ಸಂತೋಷವಲ್ಲ. ಇಷ್ಟು ಸಾಕು.

ನಂದೂರಿನ ಬೇಳೆ ಮಿಲ್ಲೊಂದರ ಮಾಲೀಕರು ತಮ್ಮ ವಿದೇಶಿ ಕಾರು ಮಾರುತ್ತಾರೆಂದು ಸುದ್ದಿ ತಂದವಳು ನಾನೇ. ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ. ಆದರೆ ಆಟೋಮ್ಯಾಟಿಕ್ — ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಹದಿನೈದು ದಿನ ಮಿಲ್ಲಿನ ಅಂಗಳದಲ್ಲಿ, ತೊಗರಿ ಹರವಿದ ಕಣದ ಸುತ್ತ ನೀನು ಅದನ್ನು ನಡೆಸಿ ಕಲಿತೆ. ಎಲ್ಲ ಸಣ್ಣ ಸುತ್ತು, ಸಪಾಟು ನೆಲ. "ಎಡಗಾಲಿಗೆ ಪಿಂಚಣಿ ಕೊಟ್ಟು ಮನಿಗೆ ಕಳಿಸೀನಿ ನೋಡು," ಎಂದು ನೀನು ನಕ್ಕೆ. ಬೆನ್ನು ನೆಟ್ಟಗೆ ಮಾಡಿ ಅಷ್ಟು ಹೊತ್ತು ನೀನು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗಾಡಿ ರಿಪೇರಿಯ ಮಿಸ್ತ್ರಿಗೆ ತೋರಿಸದೆ ಮಾತಿಲ್ಲ ಎಂದರು ಶರಣಪ್ಪ. ನಿನಗೆ ಪರೀಕ್ಷೆಯ ಕೆಲಸವಿತ್ತು. ಮಿಲ್ಲಿನ ಡ್ರೈವರನ ಜೊತೆ ಕೋಟನೂರದ ರಶೀದ್ ಮಿಸ್ತ್ರಿಯ ಹತ್ತಿರ ಕಾರು ಒಯ್ದವಳು ನಾನು. ಅವರು ಎಂಜಿನ್ ಚಾಲೂ ಇಟ್ಟೇ ಗೇರೆಣ್ಣೆಯ ಕಡ್ಡಿ ಹೊರಗೆಳೆದರು, ಬಿಳಿ ಬಟ್ಟೆಗೆ ಒರೆಸಿದರು, ಮೂಗಿಗೆ ಹಿಡಿದರು. ಆಮೇಲೆ ಬಟ್ಟೆಯನ್ನು ನನ್ನ ಮೂಗಿಗೂ ಹಿಡಿದರು. ಹಂಚಿನ ಮೇಲೆ ಮರೆತುಹೋದ ರೊಟ್ಟಿಯ ವಾಸನೆ.

"ಎಣ್ಣಿ ಕೆಂಪಗ ಇರಬೇಕು ಅಕ್ಕಾರ. ಇದು ಡಿಕಾಕ್ಷನ್ ಆಗ್ಯಾದ. ಒಳಗಿನ ಪ್ಲೇಟು ಸುಟ್ಟಾವ. ಥಂಡಾ ಇದ್ದಾಗ ಶರೀಫ್ ಮಂದಿ ಹಂಗ ನಡೀತದ, ಗರಂ ಆತಂದ್ರ ಜಾರ್ತದ. ಚಢಾವ್‌ದಾಗ, ಏರಿನ್ಯಾಗ, ಪೂರಾ ಕೈ ಬಿಡ್ತದ. ತಗೊಳ್ಳೋರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಹೇಳುವ ಮನಸ್ಸೂ ಇತ್ತು — ಅಲ್ಲ, ಇದನ್ನು ನಾನೇ ಒಪ್ಪುವುದಿಲ್ಲ. ಕೋಟನೂರದಿಂದ ನಂದೂರಿಗೆ ವಾಪಸ್ಸು ಬರುವ ಹಾದಿಯಲ್ಲೇ ವಾದ ಕಟ್ಟತೊಡಗಿದ್ದೆ. ಮಿಸ್ತ್ರಿಗಳು ಹೆದರಿಸುವುದು ರೂಢಿ. ಇಂಥ ಗೇರು ಈ ಊರಲ್ಲಿ ಎಷ್ಟು ಜನ ಬಿಚ್ಚಿದ್ದಾರೆ? ವಾಸನೆ ಒಂದು ಪುರಾವೆಯೇ? ಎಲ್ಲದಕ್ಕೂ ಪುರಾವೆ ಕೇಳುವ ನಾನು ಪುರಾವೆ ಮೂಗಿಗೇ ಬಂದಾಗ ಅದರ ಮೇಲೆ ಪಾಟೀ ಸವಾಲು ಮಾಡಿದೆ. ಯಾಕೆಂದರೆ ಇದೊಂದು ಗಾಡಿ ಕೈತಪ್ಪಿದರೆ ಅಂಥದ್ದು ಇನ್ನೊಂದು ಸಿಗುವುದು ಯಾವಾಗಲೋ. ಅಲ್ಲಿಯವರೆಗೆ ಬೆಳಿಗ್ಗೆ ಒಂಬತ್ತು, ಸಂಜೆ ಐದು.

ಮಾರನೆಯ ರವಿವಾರ ನಿಮ್ಮ ಕಟ್ಟೆ. ಮಿಸ್ತ್ರಿ ಏನಂದ ಎಂದು ಶರಣಪ್ಪ ಕೇಳಿದರು. ಹಳೇ ಗಾಡಿ, ಜತನದಿಂದ ಇಟ್ಟುಕೊಳ್ಳಬೇಕಂತೆ ಎಂದೆ. ಅವರಿಗೆ ತಂಗಿ ಗಾಡಿ ಹೊಡೆಯುವುದೇ ಬೇಡವಾಗಿತ್ತು. ನಿನಗೆ ನೆನಪಿರಬೇಕು, ಕೈಗಡಿಯಾರ ಬಿಚ್ಚುತ್ತಾ ಅವರು ಹೇಳಿದ್ದು: "ವಿರೋಧ ಇಕಿ ಮಾತಾಡ್ಲಿ. ದೇವರನ್ನೂ ಬಿಡದಾಕಿ, ಕಾರಿಗೆ ಬಿಡ್ತಾಳೇನು? ಇಕಿ ಸೋತ್ರ ನಾ ಒಪ್ತೀನಿ."

ಅಂದರೆ ಅವರು ನನ್ನ ಸಂಶಯವನ್ನು ನಂಬಿದ್ದರು. ನಂಬುವಂಥದ್ದು ನನ್ನಲ್ಲಿ ಅದೊಂದೇ ಇತ್ತು.

ನಾನು ಮಾತಾಡಿದೆ. ಬಿಡಿಭಾಗ ಸಿಗುವುದಿಲ್ಲ ಎಂದೆ, ಹೈದರಾಬಾದಿನಲ್ಲಿ ಸಿಗುತ್ತವೆ ಎಂದೆ ನೀನು. ಪೆಟ್ರೋಲು ಕುಡಿಯುತ್ತದೆ ಎಂದೆ. ಜನ ಆಡಿಕೊಳ್ಳುತ್ತಾರೆ ಎಂದೆ. "ನಡದ್ರೂ ಆಡ್ಕೊಳ್ತಾರ, ಕುಂತ್ರೂ ಆಡ್ಕೊಳ್ತಾರ. ಕಾರಿನ್ಯಾಗ ಕುಂತ್ರ ಗಾಜು ಏರಿಸ್ತೀನಿ, ಕೇಳ್ಸಂಗಿಲ್ಲ," ಎಂದೆ ನೀನು. ಒಳಗಿನಿಂದ ನಿನ್ನ ತಾಯಿ ನಕ್ಕದ್ದು ಕೇಳಿಸಿತು. ಇನ್ನೂ ಒಂದು ನಿಮಿಷವಿತ್ತು. ಸುಟ್ಟ ಎಣ್ಣೆಯ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು — ಒಂದೇ ವಾಕ್ಯ. ಶರಣಪ್ಪ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನನ್ನ ವಾದ ಮುಗಿಯಿತು ಎಂದೆ.

ನೀನು ಕಣ್ಣು ಕಿರಿದು ಮಾಡಿ ನೋಡಿದೆ. "ಬೇಕಂತ ಸೋತಿಯೇನು?"

"ಇಲ್ಲ. ನೀ ಛಲೋ ಮಾತಾಡ್ದಿ," ಎಂದೆ.

ಗುರುವಾರ ಕಾರು ನಿನ್ನದಾಯಿತು. ನಿನ್ನ ತಾಯಿ ಗಾಲಿಗೆ ನಿಂಬೆಹಣ್ಣು ಇಡುವಾಗ ನಾನು ಸುಮ್ಮನಿದ್ದೆ. ಬೇರೆ ದಿನವಾಗಿದ್ದರೆ ಒಂದು ಭಾಷಣವೇ ಆಗುತ್ತಿತ್ತು. ಅವರು ಹಿಂದಿನ ಸೀಟಿನಲ್ಲಿ, ನಾನು ನಿನ್ನ ಪಕ್ಕದಲ್ಲಿ. ಕಲಬುರಗಿಯಿಂದ ಕಮಲಾಪುರಕ್ಕೆ ನಿನ್ನ ಮೊದಲ ಪ್ರಯಾಣ. ಶರಣಪ್ಪ ಊರಲ್ಲಿ ಕಾಯುತ್ತಿದ್ದರು.

ಆ ಒಂದು ತಾಸನ್ನು ಹೇಗೆ ವಿವರಿಸಲಿ? ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಮಿಸ್ತ್ರಿ ಸುಳ್ಳು ಹೇಳಿದರು ಎಂದು ಗೆದ್ದವಳಂತೆ ಕೂತೆ. ಐದಾರು ಮೈಲಿಯಾದ ಮೇಲೆ ಮೊದಲ ಸಲ ಅದು ಕೇಳಿಸಿತು — ಗೇರು ಬದಲಾಗುವ ಗಳಿಗೆಯಲ್ಲಿ ಎಂಜಿನ್ ಸುಮ್ಮನೆ ಒಮ್ಮೆ ಏರಿತು, ಕಾರು ಓಡಲಿಲ್ಲ, ಆಮೇಲೆ ಧಡಕ್ಕನೆ ಹಿಡಿಯಿತು. ನೀನು ಗಮನಿಸಲಿಲ್ಲ. ನಾನು ಎಣಿಸತೊಡಗಿದೆ. ಮಹಾಗಾಂವ ಕ್ರಾಸ್ ಬರುವುದರೊಳಗೆ ಏಳು ಸಲ. ಚಹಾ ಕುಡಿಯೋಣ, ನಿಲ್ಲಿಸು ಎಂದೆ — ಕಾರು ತಣ್ಣಗಾಗಲಿ ಎಂದು. ಅಣ್ಣನೆದುರು ಚಹಾ ಕುಡಿಯೋಣ ಎಂದು ನೀನು ನಿಲ್ಲಿಸಲಿಲ್ಲ. "ಸಾವಕಾಶ ಹೊಡಿಯವ್ವಾ," ಎನ್ನುತ್ತಿದ್ದರು ನಿನ್ನ ತಾಯಿ, ಸಾವಕಾಶವೇ ಹೊಡೆಯುತ್ತಿದ್ದ ನಿನಗೆ. ಕುರಿಕೋಟಾ ಸೇತುವೆಯ ಮೇಲೆ ನೀರು ನೋಡು ಎಂದು ನೀನು ತೋರಿಸಿದೆ. ನನ್ನ ಕಣ್ಣು ಎಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲಿತ್ತು. ಈಗ ಹೇಳಲೇ — ಈ ತಿರುವು ಆಗಲಿ. ಈಗ — ಆ ಲಾರಿ ದಾಟಲಿ. ಹೇಳಿದರೆ ನೀನು ಕೇಳುವ ಮೊದಲ ಮಾತು, ಮೊದಲೇ ಯಾಕೆ ಹೇಳಲಿಲ್ಲ ಎಂಬುದು. ಅದಕ್ಕೆ ನನ್ನಲ್ಲಿ ವಾದವಿರಲಿಲ್ಲ. ಅಷ್ಟಕ್ಕೇ ಮೂರು ಜೀವಗಳನ್ನು ಆ ಏರಿಗೆ ಬಿಟ್ಟೆ.

ಕಮಲಾಪುರದ ಏರಿನ ನಡುವೆ ಎಂಜಿನ್ ಚೀರಿತು. ಕಾರು ನಿಂತಿತು. ನೀನು ಇನ್ನಷ್ಟು ಒತ್ತಿದೆ, ಅದು ಇನ್ನಷ್ಟು ಚೀರಿತು, ಆದರೆ ನಾವು ಹಿಂದಕ್ಕೆ ಜಾರತೊಡಗಿದೆವು. ಹಿಂದೆ ಮೂಟೆ ತುಂಬಿದ ಲಾರಿ. ಅದರ ಹಾರ್ನು ನನ್ನ ಬೆನ್ನೊಳಗೇ ಬಾರಿಸಿದಂತೆ. ನಿನ್ನ ಕೈ ಚಕ್ರ ತಿರುಗಿಸಿತು. ಹಿಂಗಾಲಿ ರಸ್ತೆಯಂಚು ಬಿಟ್ಟು ಇಳಿಯಿತು, ಕಲ್ಲಿಗೆ ತಾಗಿ ನಿಂತಿತು. ಲಾರಿ ಒಂದು ಗೇಣು ದೂರದಲ್ಲಿ ಹಾದುಹೋಯಿತು. ನಿನ್ನ ತಾಯಿಯ ಬಲಗೈ ಪಕ್ಕದ ಬಾಗಿಲಿಗೆ ಬಡಿದು ಮಣಿಕಟ್ಟು ಮುರಿದಿತ್ತು.

ಲಾರಿಯವನು ಮುಂದೆ ನಿಲ್ಲಿಸಿ ಓಡಿ ಬಂದ. ಜನ ಸೇರಿದರು. ಯಾರೋ ನಿನ್ನ ಎಡಗಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿ ನೋಡಿದರು. "ಎಂಜಿನ್ ಒದರಾಕತ್ತಿತ್ತು, ಗಾಡಿ ಹಿಂದ ಬರಾಕತ್ತಿತ್ತು. ಬ್ರೇಕ್ ಬಿಟ್ಟು ಎಕ್ಸಲೇಟರ್ ಒತ್ಯಾಳ. ಇಂಥಾ ಕಾಲಿನಾಕಿ ಕೈಯಾಗ ಗಾಡಿ ಕೊಡ್ತಾರೇನು?" ಎಂದ ಲಾರಿಯವನು. ಅಷ್ಟರಲ್ಲಿ ಸುದ್ದಿ ಮುಟ್ಟಿ ಶರಣಪ್ಪನೂ ಬಂದರು. ನೀನು ಅವರನ್ನು ನೋಡಲಿಲ್ಲ. ನನ್ನತ್ತ ತಿರುಗಿದೆ.

"ನೀ ಬಾಜೂಕ ಇದ್ದಿ. ಖರೇ ಹೇಳು, ನಾ ಯಾವುದು ಒತ್ತಿದೆ?"

"ನಂಗ ಗೊತ್ತಾಗಲಿಲ್ಲ," ಎಂದೆ.

ಹೆದರಿಕೆಯಲ್ಲಿ ಹೇಳಿದ್ದು ಎನ್ನಬಹುದು. ನಿಲ್ಲುವುದಿಲ್ಲ — ಹೆದರಿಕೆ ಒಂದು ದಿನದ್ದು, ಮೌನ ಏಳು ವರ್ಷದ್ದು. ಶರಣಪ್ಪ ಆ ಕಾರನ್ನು ಬಿಚ್ಚಿ ಸಹ ನೋಡಿಸದೆ ಹುಮನಾಬಾದಿನ ಗುಜರಿಯವರಿಗೆ ಎತ್ತಿಸಿದರು. ಗೇರುಪೆಟ್ಟಿಗೆ ಸಾಕ್ಷಿ ಹೇಳದೆ ಹೋಯಿತು, ನನಗೆ ಸಮಾಧಾನವಾಯಿತು. ನೀನು ಕಾಲೇಜು ಬಿಟ್ಟೆ. ನಿನ್ನ ತಾಯಿಯ ಕೈ ಸರಿಯಾಗಿ ಕೂಡಲಿಲ್ಲ, ಆಮೇಲೆ ಅವರು ರೊಟ್ಟಿ ಬಡಿದದ್ದನ್ನು ನಾನು ನೋಡಿಲ್ಲ. ಒಂದು ದಿನ ರಶೀದ್ ಮಿಸ್ತ್ರಿ ಕೋರ್ಟಿನ ಹತ್ತಿರ ಸಿಕ್ಕು, ಕಾರು ಕೊಂಡ ಆ ಅಕ್ಕನಿಗೆ ಹೇಳಿದಿರೇನು ಎಂದು ಕೇಳಿದರು. ಹೇಳಿದೆ, ಅವರೇ ಕೇಳಲಿಲ್ಲ ಎಂದೆ. ಅವರು ನೊಂದುಕೊಂಡು ತಲೆಯಾಡಿಸಿದರು. ನಿನ್ನ ಹೆಸರಿಗೆ ಅದೊಂದು ಕಳಂಕವನ್ನೂ ಹಚ್ಚಿದ್ದೇನೆ. ಈಗ ದಿನಾ ಕಟಕಟೆಯಲ್ಲಿ ನಿಂತವರನ್ನು ನಾನು ಪ್ರಶ್ನಿಸುತ್ತೇನೆ. ಯಾರಾದರೂ ಗೊತ್ತಾಗಲಿಲ್ಲ ಎಂದರೆ ಬಿಡುವುದಿಲ್ಲ, ಹಿಂಡುತ್ತೇನೆ. ನನ್ನ ಧ್ವನಿ ನನಗೇ ಹೇಸಿಗೆಯಾಗುವಷ್ಟು.

ಹೋದ ಸೋಮವಾರ ಹೊಲದ ಸರ್ವೆ ಕೆಲಸಕ್ಕೆ ಶರಣಪ್ಪ ಕೋರ್ಟಿಗೆ ಬಂದಿದ್ದರು. ಕಾಲೇಜಿನವರು ನಿನ್ನನ್ನು ಮತ್ತೆ ಕರೆದಿದ್ದಾರಂತೆ, ಈ ಸಲ ಕಾಯಂ ಹುದ್ದೆ. ಕಾಲೇಜಿನ ಅಂಗಳದಲ್ಲೇ ಮನೆ, ಗಾಡಿಯ ಮಾತೇ ಇಲ್ಲ. ಶನಿವಾರದೊಳಗೆ ಉತ್ತರ ಕೊಡಬೇಕು. "ಒಲ್ಲೆ ಅಂತಾಳರಿ. ನನ್ನ ಮ್ಯಾಲ ಯಾವುದೂ ಹೊರಸಬ್ಯಾಡ, ವ್ಯಾಳ್ಯಾಕ್ಕ ನನ್ನ ಕಾಲು ನನ್ನ ಮಾತ ಕೇಳಂಗಿಲ್ಲ ಅಂತಾಳ. ನೀವರೆ ಒಂದು ಮಾತು ಹೇಳ್ರಿ," ಎಂದರು. ನನ್ನ ಮಾತನ್ನು ನಿಮ್ಮ ಮನೆಯಲ್ಲಿ ಇನ್ನೂ ನಂಬುತ್ತಾರೆ.

ಇಂದು ಗುರುವಾರ. ನಾಳೆ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ನೀನು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಆಮೇಲೆ ನಿನ್ನ ತಾಯಿಗೂ ಅಣ್ಣನಿಗೂ ಓದಿ ಹೇಳುತ್ತೇನೆ. ಸಂಜೆ ಕೋಟನೂರಕ್ಕೆ ಹೋಗಿ ರಶೀದ್ ಮಿಸ್ತ್ರಿಗೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ. ಹೊರಗೆ ಹಾಕಿದರೆ ಹೋಗುತ್ತೇನೆ. ಶನಿವಾರದ ಉತ್ತರ ನಿನ್ನದು, ಅದರಲ್ಲಿ ನಾನು ಪರವೂ ಅಲ್ಲ, ವಿರೋಧವೂ ಅಲ್ಲ.

ಆದರೆ ಆ ಉತ್ತರ ಬರೆಯುವ ಮೊದಲು ಇದನ್ನು ತಿಳಿದುಕೊ. ಯಾವುದು ಒತ್ತಿದೆ ಎಂದು ನೀನು ಅಂದು ಕೇಳಿದೆಯಲ್ಲ — ಏರಿನಲ್ಲಿ ನಾನು ನಿನ್ನ ಕಾಲನ್ನೇ ನೋಡುತ್ತಿದ್ದೆ, ಕುರಿಕೋಟಾ ಸೇತುವೆ ದಾಟಿದಾಗಿನಿಂದಲೂ ಅದನ್ನೇ ನೋಡುತ್ತಿದ್ದೆ. ಎಂಜಿನ್ ಚೀರಿದಾಗ, ಯಾರಾದರೂ ಒತ್ತುವಂತೆ, ನೀನು ಒಮ್ಮೆ ಎಕ್ಸಲರೇಟರ್ ಒತ್ತಿದೆ. ಕಾರು ಹಿಂದಕ್ಕೆ ಹೊರಟದ್ದೇ ನಿನ್ನ ಕಾಲು ತಡವರಿಸದೆ ಬ್ರೇಕಿಗೆ ಬಂತು. ಕೊನೆಯವರೆಗೂ ಅಲ್ಲೇ ಇತ್ತು; ಸಡಿಲು ಜಲ್ಲಿಯ ಮೇಲೆ ಗಾಲಿ ಜಾರಿತೇ ಹೊರತು ನಿನ್ನ ಕಾಲು ಜಾರಲಿಲ್ಲ. ಲಾರಿ ನಮ್ಮನ್ನು ಅರೆಯದಂತೆ ತಪ್ಪಿಸಿದವಳು ನೀನು. ನಿನ್ನ ಕಾಲು ನಿನ್ನ ಮಾತು ಕೇಳಿತ್ತು, ಮಹಾನಂದಾ. ನಾನು ನೋಡಿದ್ದೆ.