ನೀರು ಕುಡಿದು ಬಂದವರ ಮಾತು

ಮಂಗಳೂರು ಸೆಂಟ್ರಲ್ ನಿಲ್ದಾಣದಲ್ಲಿ ಕುಂಬಳೆಗೆ ಟಿಕೆಟ್ ಕೇಳಿದಾಗ ಕೌಂಟರಿನವರು ಹತ್ತು ರೂಪಾಯಿ ಎಂದರು. ಹಿಂದಿನ ದಿನ ದಾವಣಗೆರೆಯಿಂದ ಬರುವಾಗ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಘಾಟಿಯ ತಿರುವುಗಳಿಗೆ ಒಪ್ಪಿಸಿ ಬಂದಿದ್ದ ನನಗೆ, ಇನ್ನೊಂದು ರಾಜ್ಯಕ್ಕೆ ಹೋಗುವುದು ಇಷ್ಟು ಅಗ್ಗವೆಂದು ತಿಳಿದಿರಲಿಲ್ಲ. ನೋಟು ರದ್ದಾದ ಮರುವರ್ಷದ ಏಪ್ರಿಲ್ ಅದು. ಬೆಳಗಿನ ಹೊತ್ತಿಗೇ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು.

ನಾನು ಹೊರಟದ್ದು ಊರು ನೋಡಲಿಕ್ಕಲ್ಲ, ತಪಾಸಣೆಗೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಮ್ಮೂರಿನ ಒಂದು ಸಣ್ಣ ಟ್ರಸ್ಟಿಗೆ ಸೇರಿಕೊಂಡಿದ್ದೆ. ಬಾಯಾರು ಕಡೆಯ ಒಂದು ಹಳ್ಳಿಗೆ ಆ ಟ್ರಸ್ಟು ಕೆಲವು ವರ್ಷಗಳಿಂದ ನೀರು, ಬೇಸಾಯ, ಕಸುಬುಗಳಿಗೆಂದು ಒಂದಿಷ್ಟು ಹಣ ಕಳಿಸುತ್ತಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ನಾವು ಹೇಳುವಂತಿಲ್ಲ. ಊರಿನವರೇ ಕೂತು ತೀರ್ಮಾನಿಸುತ್ತಾರೆ. ಈ ಏರ್ಪಾಡು ನನಗೆ ಹಿಡಿಸಿರಲಿಲ್ಲ. ಬದುಕಿಡೀ ಸಾಲದ ಅರ್ಜಿಗಳನ್ನು ಜರಡಿ ಹಿಡಿದವಳು ನಾನು. ಹಾಲಿನ ಕಾವಲಿಗೆ ಬೆಕ್ಕನ್ನೇ ಕೂರಿಸಿದ ಹಾಗಾಯಿತು ಎಂದು ಟ್ರಸ್ಟಿನ ಸಭೆಯಲ್ಲಿ ಗೊಣಗಿದೆ. ಹಾಗಾದರೆ ನೀವೇ ಹೋಗಿ ನೋಡಿ ಬನ್ನಿ ಎಂದು ಉಳಿದವರು ನನ್ನನ್ನೇ ಹೊರಡಿಸಿದರು.

ರೈಲು ನೇತ್ರಾವತಿಯನ್ನು ದಾಟಿ ತೆಂಗಿನ ಮರಗಳ ನಡುವೆ ದಕ್ಷಿಣಕ್ಕೆ ಹೋಯಿತು. ಬಲಗಡೆಯ ಕಿಟಕಿಯಲ್ಲಿ ಆಗಾಗ ಸಮುದ್ರ ಕಾಣಿಸಿಕೊಳ್ಳುತ್ತಿತ್ತು. ಕುಂಬಳೆಯಲ್ಲಿ ನನ್ನನ್ನು ಕಾಯುತ್ತಿದ್ದವರು ಮೈಮೂನಾ. ವಯಸ್ಸು ನಲವತ್ತರ ಆಸುಪಾಸು, ಬ್ಯಾರಿಗಳು. ಗಂಡ ಶಾರ್ಜಾದಲ್ಲಿ, ಇವರದು ಪುತ್ತಿಗೆಯಲ್ಲಿ ಹೊಲಿಗೆ ಅಂಗಡಿ. ತವರು ಬಾಯಾರು ಕಡೆಯದೇ ಆದ್ದರಿಂದ ಹಣ ಹಂಚುವ ಕೂಟದ ಕಾರ್ಯದರ್ಶಿಯಾಗಿ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದರು. ನಿಲ್ದಾಣದ ಹೊರಗಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನಿಸಿ, ಚಹಾ ಕುಡಿಸಿ, ನಾನು ಪರ್ಸು ತೆಗೆಯುವ ಮೊದಲೇ ದುಡ್ಡು ಕೊಟ್ಟುಬಿಟ್ಟರು.

ಆ ದಿನ ತಂಗಿದ್ದು ಪುತ್ತಿಗೆಯ ಅವರ ಮನೆಯಲ್ಲೇ. ಚಪ್ಪಲಿ ಬಿಟ್ಟು ಕೂರುವಷ್ಟರಲ್ಲಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಪಕ್ಕದಲ್ಲಿ ಒಂದು ಚೊಂಬು ನೀರು ಬಂತು. ಈ ಕಡೆ ಯಾರ ಮನೆಗೆ ಹೋದರೂ ಮೊದಲ ಉಪಚಾರ ಇದೇ. ನಾನು ಬೆಲ್ಲ ಕಚ್ಚಿ ನೀರು ಕುಡಿದದ್ದನ್ನು ನೋಡಿ ಮೈಮೂನಾ ನಕ್ಕರು.

"ಆಯ್ತಲ್ಲ ಅಕ್ಕ, ಇನ್ನು ನಾಳೆ ನೀವು ನನ್ನ ಮನೆಯ ಪರವಾಗಿ ಕೇಳಬಹುದು."

ಹೀಗೆ ಅವರ ನಿಯಮ ನನಗೆ ತಿಳಿಯಿತು. ಮೊದಲ ವರ್ಷ ಎಲ್ಲರೂ ತಮ್ಮ ತಮ್ಮ ಕಷ್ಟ ಹೇಳಿಕೊಂಡರಂತೆ. ಗಂಟಲು ದೊಡ್ಡದಿದ್ದವರಿಗೆ ಹಣ ಹೋಯಿತು, ಕೈಯೊಡ್ಡಲು ನಾಚಿದವರು ಹಾಗೆಯೇ ಎದ್ದು ಮನೆಗೆ ಹೋದರು. ಆದ್ದರಿಂದ ಯಾರೂ ತಮಗಾಗಿ ಕೇಳಬಾರದು, ಬೇರೆಯವರಿಗಾಗಿಯೇ ಕೇಳಬೇಕು ಎಂದಾಯಿತು. ಆಮೇಲೆ ಕೆಲವರು ದಾರಿಯಲ್ಲಿ ನಿಂತು ಕೇಳಿದ್ದನ್ನೇ ಕಣ್ಣಾರೆ ಕಂಡ ಹಾಗೆ ಹೇಳತೊಡಗಿದರು. ಅದಕ್ಕೆ ಇನ್ನೊಂದು ಗಂಟು ಹಾಕಿದರು: ಯಾವ ಮನೆಗಾಗಿ ಕೇಳುತ್ತೀರೋ ಆ ಮನೆಯೊಳಗೆ ಕೂತು ನೀರು ಕುಡಿದಿರಬೇಕು. ನೀರು ಕೊಟ್ಟವರು ಸಭೆಯಲ್ಲೇ ಇರುವುದರಿಂದ ಸುಳ್ಳು ನಡೆಯುವುದಿಲ್ಲ. ಸ್ಥಳ ಪರಿಶೀಲನೆ ಎಂಬ ಹೆಸರಿನಲ್ಲಿ ಜೀಪಿನಿಂದ ಇಳಿಯದೆ ವರದಿ ಬರೆದ ಅಧಿಕಾರಿಗಳನ್ನು ಕಂಡ ನನಗೆ ಈ ನಿಯಮ ಮೆಚ್ಚಿಕೆಯಾಯಿತು. ಮೆಚ್ಚಿದ್ದನ್ನು ಮಾತ್ರ ಹೇಳಲಿಲ್ಲ. ತಪಾಸಣೆಗೆ ಬಂದವಳು ಮೊದಲ ದಿನವೇ ಬೆಲ್ಲಕ್ಕೆ ಕರಗಿದಳೆಂದಾಗಬಾರದಲ್ಲ.

ಮರುದಿನ ಭಾನುವಾರ. ತೆಂಗಿನ ಹಾಲಿನಲ್ಲಿ ಅದ್ದಿದ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿಯನ್ನು ಹೊಟ್ಟೆ ತುಂಬ ತಿಂದು ಬಾಯಾರಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಹಿಂದಿನ ಸೀಟಿನವರು ತುಳುವಿನಲ್ಲಿ ಜಗಳವಾಡಿದರೆ ಕಂಡಕ್ಟರ್ ಮಲಯಾಳದಲ್ಲಿ ಸಮಾಧಾನ ಹೇಳಿ ನನ್ನೊಡನೆ ಕನ್ನಡದಲ್ಲಿ ಚಿಲ್ಲರೆ ಕೇಳಿದ. ಕೊಳೆತ ಗೇರುಹಣ್ಣಿನ ವಾಸನೆ ದಾರಿಯುದ್ದಕ್ಕೂ ಇತ್ತು. ಗುಡ್ಡಗಳನ್ನು ಅಲ್ಲಲ್ಲಿ ಚೌಕವಾಗಿ ಕಡಿದಿದ್ದರು. ಮನೆ ಕಟ್ಟುವ ಕೆಂಪುಕಲ್ಲು ತೆಗೆದ ಕೋರೆಗಳು ಅವು ಎಂದು ಮೈಮೂನಾ ಹೇಳಿದರು. ಹಿಂದೆ ಮಳೆನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಬಿಡುತ್ತಿದ್ದ ಗುಡ್ಡಗಳೇ ಈಗ ಹೀಗಾಗಿವೆ, ಅದರ ಮೇಲೆ ಹೋದ ವರ್ಷ ಮಳೆಯೂ ಕೈಕೊಟ್ಟಿತು ಎಂದು ಅವರ ದುಃಖ.

ಸಭೆ ನಡೆದದ್ದು ಇಲ್ಲಿನವರು ವಾಯನಶಾಲೆ ಎನ್ನುವ ಓದುವ ಕೋಣೆಯ ಅಂಗಳದಲ್ಲಿ. ಮೂವತ್ತು ನಲವತ್ತು ಜನ ಸೇರಿದ್ದರು. ಅಧ್ಯಕ್ಷತೆ ಐತಪ್ಪಣ್ಣನದು, ಅಡಿಕೆ ಬೆಳೆಯುವವರು, ಅರವತ್ತು ದಾಟಿದವರು, ಮಾತು ಕಡಿಮೆ. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮಾತಾಡಲು ಮಾತ್ರ ಬಿಡಲಿಲ್ಲ. ಈ ವರ್ಷ ಬಂದ ಹಣ ಒಂದೇ ಕೆಲಸಕ್ಕೆ ಸಾಕು ಎಂದು ಮೈಮೂನಾ ಮೊದಲೇ ತಿಳಿಸಿದರು. ಒಬ್ಬರು ಪಕ್ಕದ ಮನೆಯ ವಿಧವೆಗೆ ಹೊಲಿಗೆ ಯಂತ್ರ ಕೇಳಿದರು, ಇನ್ನೊಬ್ಬರು ಮೀನು ಮಾರುವವನ ಮುರಿದ ಗಾಡಿಯ ಕತೆ ಹೇಳಿದರು. ತಮ್ಮ ಕಷ್ಟವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವವರ ಮುಖ ನೋಡುವುದೇ ಒಂದು ಅನುಭವ. ಮೀನಿನವನಂತೂ ತನ್ನ ಕತೆಗೆ ತಾನೇ ಕಣ್ಣೊರೆಸಿಕೊಂಡ.

ಆಮೇಲೆ ಹಿಂದಿನ ಸಾಲಿನಿಂದ ಲಲಿತಾ ಎದ್ದಳು. ಅಂಗನವಾಡಿಯಲ್ಲಿ ಸಹಾಯಕಿ, ಊರು ತಲೆಮಾರುಗಳಿಂದ ದೂರವಿಟ್ಟ ಕೊರಗರವಳು. ಅವರ ಕಾಲನಿ ಗುಡ್ಡದ ನೆತ್ತಿಯಲ್ಲಿದೆ, ಆರೇಳು ಮನೆಗಳು, ಬಾವಿ ಬತ್ತಿ ಎರಡು ತಿಂಗಳಾಯಿತು ಎಂದು ಮೈಮೂನಾ ನನ್ನ ಕಿವಿಯಲ್ಲಿ ಹೇಳಿದರು.

"ನಾನು ಐತಪ್ಪಣ್ಣನ ಮನೆಗೆ ಕೇಳುದು," ಎಂದಳು ಲಲಿತಾ. "ಆ ಮನೆಯ ನೀರು ನಾನು ದಿನಾ ಕುಡೀತೇನೆ. ಹಾಗಾಗಿ ನನಗೆ ಕೇಳ್ಲಿಕ್ಕೆ ಉಂಟು. ಅವರ ಸುರಂಗದ ಬಾಯಿ ಕುಸಿದಿದೆ. ಮಳೆಗೆ ಮೊದಲು ಕಲ್ಲು ಕಟ್ಟದಿದ್ರೆ ಪೂರಾ ಮುಚ್ಚಿ ಹೋಗ್ತದೆ. ಮತ್ತೆ ಅವರಿಗೂ ನೀರಿಲ್ಲ, ನಮಗೂ ಇಲ್ಲ."

ಸುರಂಗವೆಂದರೆ ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ, ಒಳಗಿನಿಂದ ನೀರು ತಾನಾಗಿ ಹರಿದು ಬರುತ್ತದೆ. ಐತಪ್ಪಣ್ಣನ ಸುರಂಗದ ನೀರು ಅವರ ಅಂಗಳದ ತೊಟ್ಟಿಗೆ ಬೀಳುತ್ತಿತ್ತು, ಕಾಲನಿಯವರು ಅಲ್ಲಿಂದ ಹೊತ್ತು ಒಯ್ಯುತ್ತಿದ್ದರು. ಅವರು ಎಂದೂ ಬೇಡವೆಂದವರಲ್ಲ. ಆ ನೀರನ್ನು ಲಲಿತಾ ಮನೆಯೊಳಗೆ ಕೂತು ಕುಡಿದಳೋ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಅವಳು ತಮ್ಮ ಮನೆಗಾಗಿ ಕೇಳಿದ್ದನ್ನು ಕಂಡು ಐತಪ್ಪಣ್ಣ ತಲೆ ತಗ್ಗಿಸಿ ಮೊಳಕಾಲು ಸವರಿಕೊಂಡರು.

ಮೈಮೂನಾ ಸಭೆಯ ಕಡೆ ತಿರುಗಿ ಕೇಳಿದರು.

"ಲಲಿತಾನ ಕಾಲನಿಗೆ ಯಾರು ಕೇಳ್ತೀರಿ?"

ಯಾರೂ ಏಳಲಿಲ್ಲ. ಕಾಲನಿಯ ಕಷ್ಟ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗುಡ್ಡ ಹತ್ತಿ ಬುಟ್ಟಿ ಕೊಂಡು ತಂದವರಿದ್ದರು, ಮತ ಕೇಳಿ ಬಂದವರಿದ್ದರು. ಅಲ್ಲಿ ಕೂತು ನೀರು ಕುಡಿದವರು ಒಬ್ಬರೂ ಇರಲಿಲ್ಲ. ರೇಷನ್ ಕಾರ್ಡಿನ ಕೆಲಸಕ್ಕೆ ತಾನೂ ಎರಡು ಸಲ ಹೋಗಿದ್ದೆ, ಅಂಗಳದಲ್ಲೇ ನಿಂತು ಬಂದೆ ಎಂದು ಮೈಮೂನಾ ಆಮೇಲೆ ನನಗೆ ಹೇಳಿದರು. ಸುಳ್ಳು ನಡೆಯಬಾರದೆಂದು ಮಾಡಿದ ನಿಯಮವೇ ಈಗ ಎಲ್ಲರನ್ನೂ ಹಿಡಿದು ನಿಲ್ಲಿಸಿತ್ತು. ಆ ಮೌನದಲ್ಲಿ ನನಗೆ ನಾಚಿಕೆಯಾಯಿತು, ಯಾಕೆಂದರೆ ನಮ್ಮೂರಿನಲ್ಲಿ ಈ ನಿಯಮ ಹಾಕಿದ್ದರೂ ಇದೇ ಮೌನ ಇರುತ್ತಿತ್ತು.

ಶಾಲೆಯ ಮಾಷ್ಟ್ರು ಒಬ್ಬರು ಎದ್ದು, ಕಾಲನಿಯ ಮಟ್ಟಿಗೆ ಈ ವರ್ಷ ನಿಯಮ ಸಡಿಲಿಸೋಣ ಎಂದರು. ಒಳ್ಳೆಯ ಮನಸ್ಸಿನ ಮಾತೇ. ಆದರೆ ಲಲಿತಾ ಒಪ್ಪಲಿಲ್ಲ.

"ಬೇಡ ಮಾಷ್ಟ್ರೇ. ನಮಗೊಬ್ಬರಿಗೆ ಅಂತ ಬೇರೆ ಮಾಡಿದ್ದೆಲ್ಲ ಸಾಕಾಗಿದೆ. ನೀವು ಬನ್ನಿ. ನಮ್ಮಲ್ಲಿಯೂ ಬೆಲ್ಲ ಉಂಟು."

ಸಭೆಯನ್ನು ಅಲ್ಲಿಗೆ ನಿಲ್ಲಿಸಿ ಎಲ್ಲರೂ ಗುಡ್ಡಕ್ಕೆ ಹೊರಟೆವು. ಎಲ್ಲರೂ ಎಂದರೆ ಸುಳ್ಳಾಗುತ್ತದೆ. ಒಬ್ಬರಿಗೆ ದನ ಕಟ್ಟುವ ನೆನಪಾಯಿತು, ಇನ್ನೊಬ್ಬರಿಗೆ ನೆಂಟರು ಬರುವವರಿದ್ದರು. ಕಲ್ಲು ಕಾದು ಚಪ್ಪಲಿಯೊಳಗೂ ಬಿಸಿ ತಾಗುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಗೇರುಮರದ ನೆರಳಲ್ಲಿ ನಾನು ಉಸಿರು ತೆಗೆದುಕೊಳ್ಳಲು ನಿಂತೆ. ಐತಪ್ಪಣ್ಣನೂ ನಿಂತರು. ಇಷ್ಟು ಏರು ಉಂಟೆಂದು ತನಗೆ ಗೊತ್ತಿರಲಿಲ್ಲ ಎಂದರು. ಅವರ ಮನೆಯಿಂದ ಈ ಗುಡ್ಡ ದಿನವೂ ಕಾಣುತ್ತದೆ.

ಲಲಿತಾಳ ಮನೆಯ ಜಗಲಿಯಲ್ಲಿ ಅವಳ ತಾಯಿ ಬಳ್ಳಿಯ ಬುಟ್ಟಿ ಹೆಣೆಯುತ್ತಿದ್ದರು. ಬಂದವರನ್ನು ಎಣಿಸುವ ಹಾಗೆ ನೋಡಿ, ಸರಿದು ಜಾಗ ಕೊಟ್ಟು, ಹೆಣಿಗೆ ಮುಂದುವರಿಸಿದರು. ಒಳಗೆ ಹಿಡಿಸಿದಷ್ಟು ಜನ ಒಳಗೆ, ಉಳಿದವರು ಜಗಲಿಯಲ್ಲಿ ಕೂತೆವು. ತಟ್ಟೆಯಲ್ಲಿ ಬೆಲ್ಲ ಬಂತು. ನಾಲ್ಕೇ ಲೋಟಗಳು ಕೈಯಿಂದ ಕೈಗೆ ತಿರುಗಿದವು. ಲಲಿತಾ ಕೊಡಪಾನ ಬಗ್ಗಿಸಿ ಬಗ್ಗಿಸಿ ತುಂಬಿಸುತ್ತಿದ್ದಳು. ಬಾಯಾರಿಕೆಗೆ ನಾನು ಒಂದು ಲೋಟ ಗಟಗಟನೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಎರಡನೆಯ ಕೊಡಪಾನವೂ ತಲೆಕೆಳಗಾಗಿದ್ದು ಕಂಡು ಸಾಕು ಎಂದೆ. ಮನೆಯ ಆ ದಿನದ ನೀರನ್ನು ನಾವು ಕುಡಿದು ಮುಗಿಸಿದ್ದೆವು.

ಐತಪ್ಪಣ್ಣ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರನ್ನು ನೋಡಿದರು. ಆಮೇಲೆ ಕುಡಿದರು.

"ಇದು ನಮ್ಮ ಸುರಂಗದ ನೀರಲ್ವಾ?"

"ಮತ್ತೆ ಬೇರೆ ಎಲ್ಲಿಯದ್ದು ಐತಪ್ಪಣ್ಣ," ಎಂದಳು ಲಲಿತಾ, "ನಿಮ್ಮಲ್ಲಿಂದ ಹೊತ್ತು ತಂದದ್ದೇ."

ಸಭೆ ಆ ಜಗಲಿಯಲ್ಲೇ ಮುಂದುವರಿಯಿತು. ತನ್ನ ತೊಟ್ಟಿಯಿಂದ ಪಂಪು ಇಟ್ಟು ಇಲ್ಲಿಗೊಂದು ಪೈಪು ಎಳೆಯಬಹುದು, ಕರೆಂಟಿನ ಬಿಲ್ಲು ತಾನೇ ಕಟ್ಟುತ್ತೇನೆ ಎಂದರು ಐತಪ್ಪಣ್ಣ. ನನ್ನ ಬ್ಯಾಂಕಿನ ಬುದ್ಧಿಗೆ ಅದೇ ಸರಿ ಕಂಡಿತು. ಖರ್ಚು ಕಡಿಮೆ, ನೀರು ಖಂಡಿತ. ಲಲಿತಾ ತಲೆಯಾಡಿಸಿದಳು.

"ಪಂಪಿನ ಸ್ವಿಚ್ಚು ನಿಮ್ಮ ಅಂಗಳದಲ್ಲಿ ಇರ್ತದೆ. ನೀವು ಒಳ್ಳೆಯವರು. ನಿಮ್ಮ ನಂತರದವರು ಹೇಗೋ ನಮಗೆ ಗೊತ್ತಿಲ್ಲ. ಗುಡ್ಡದ ಆಚೆ ಬದಿಯಲ್ಲಿ ಈ ಬಿಸಿಲಿಗೂ ಜರಿಗಿಡ ಹಸಿರುಂಟು. ಅಲ್ಲಿ ನಮ್ಮದೇ ಒಂದು ಸುರಂಗ ಆಗ್ಬೇಕು."

ನೀರು ಸಿಗದಿದ್ದರೆ ಎಂದು ಯಾರೋ ಕೇಳಿದರು. ಸಿಗದಿದ್ದರೆ ಇಲ್ಲ, ಗುಡ್ಡದೊಳಗೆ ಯಾರೂ ನೋಡಿ ಬಂದಿಲ್ಲ ಎಂದಳು. ಜರಿಗಿಡದ ಹಸಿರನ್ನು ಜಾಮೀನಾಗಿ ಒಪ್ಪುವ ಬ್ಯಾಂಕು ನನಗೆ ಗೊತ್ತಿಲ್ಲ. ನನ್ನ ಮೇಜಿಗೆ ಬಂದಿದ್ದರೆ ಖಂಡಿತ ವಾಪಸು ಕಳಿಸುತ್ತಿದ್ದೆ. ಅಲ್ಲಿ ಕೂತು, ಆ ನೀರು ಹೊಟ್ಟೆಯಲ್ಲಿರುವಾಗ, ಕೊಡಲಿ, ಕೊಡಲಿ ಎಂದೇ ಮನಸ್ಸು ಹೇಳುತ್ತಿತ್ತು.

ಕೆಲಸ ಒಂದೇ ಆಗುವುದಿತ್ತು. ಐತಪ್ಪಣ್ಣನ ಕುಸಿದ ಸುರಂಗಕ್ಕಾಗಿ ಲಲಿತಾ ಕೇಳಿ ಆಗಿತ್ತು. ಆ ಮಾತನ್ನು ಅವಳು ಹಿಂತೆಗೆದುಕೊಳ್ಳಲೂ ಇಲ್ಲ. ಐತಪ್ಪಣ್ಣ ಲೋಟವನ್ನು ಕೆಳಗಿಟ್ಟು ಎದ್ದು ನಿಂತರು.

"ಈ ಮನೆಯ ನೀರು ನಾನು ಕುಡಿದಿದ್ದೇನೆ," ಎಂದರು. "ಇವರ ಸುರಂಗಕ್ಕೆ ಕೊಡಬೇಕು ಅಂತ ನಾನು ಕೇಳ್ತೇನೆ. ನಮ್ಮದರ ಬಾಯಿ ನಾವೇ ಹೇಗಾದರೂ ಕಟ್ಟಿಕೊಳ್ತೇವೆ."

"ಕೂಲಿ ಕೊಟ್ರೆ ನಮ್ಮವರೂ ಬರ್ತಾರೆ," ಎಂದರು ಬುಟ್ಟಿ ಹೆಣೆಯುತ್ತಿದ್ದ ತಾಯಿ, ತಲೆ ಎತ್ತದೆ. ಅಷ್ಟು ಹೊತ್ತು ಬಿಗಿಹಿಡಿದ ನಗು ಎಲ್ಲರಿಗೂ ಒಟ್ಟಿಗೇ ಬಂತು. ಕೈ ಎತ್ತಲು ಹೇಳಿದಾಗ ಮೀನಿನವನೇ ಮೊದಲು ಎತ್ತಿದ. ತೀರ್ಮಾನವಾಯಿತು. ಊರವಳಲ್ಲದ ನನ್ನ ಕೈಗೆ ಅಲ್ಲಿ ಲೆಕ್ಕವಿಲ್ಲ. ಆದರೂ ಸೆರಗಿನ ಮರೆಯಲ್ಲಿ ಎತ್ತಿದೆ.

ಮೂರೂವರೆಗೆ ಕುಂಬಳೆಯ ಬಸ್ಸು. ನಾವು ಗುಡ್ಡ ಇಳಿಯುವಾಗ ಲಲಿತಾಳೂ ಜೊತೆಗೆ ಬಂದಳು. ಅತಿಥಿಗಳನ್ನು ಬಿಟ್ಟು ಬರಲು ಬರುತ್ತಿದ್ದಾಳೆ ಎಂದುಕೊಂಡು, ಸುಮ್ಮನೆ ಯಾಕೆ ತೊಂದರೆ ಎಂದೆ. ಅವಳು ನಕ್ಕಳು. ಅವಳ ಕೈಯಲ್ಲಿ ಎರಡು ಖಾಲಿ ಕೊಡಪಾನಗಳಿದ್ದವು. ಐತಪ್ಪಣ್ಣನ ಅಂಗಳಕ್ಕೆ ತಿರುಗುವ ಕಾಲುದಾರಿಯಲ್ಲಿ ಅವಳೂ ಐತಪ್ಪಣ್ಣನೂ ಹೊರಳಿದರು.

ಹಿಂದಿರುಗಿ ಟ್ರಸ್ಟಿನಲ್ಲಿ ಏನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಪುರಾವೆಗೆಂದು ಮೊಬೈಲಿನಲ್ಲಿ ತೆಗೆದದ್ದು ಎರಡು ಫೋಟೋ ಮಾತ್ರ. ಆದರೆ ಆ ಊರಿನ ನೀರು ಕುಡಿದಿದ್ದೆ, ಅದರ ಪರವಾಗಿ ಕೇಳುವ ಹಕ್ಕು ನನಗೂ ಬಂದಿತ್ತು. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಗುಡ್ಡದ ಕಡೆ ನೋಡಿದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ನಾನು ಉಸಿರು ತೆಗೆದುಕೊಂಡ ಗೇರುಮರವನ್ನು ನಿಲ್ಲದೆ ದಾಟಿ, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡಪಾನ ಹೊತ್ತು ಲಲಿತಾ ಮೇಲೆ ಹೋಗುತ್ತಿದ್ದಳು, ನಾವು ಕುಡಿದ ನೀರನ್ನು ಮತ್ತೆ ಮನೆಗೆ ತುಂಬಿಸಲಿಕ್ಕೆ.